ಹ್ಯಾಂಡಲ್ ರೈಸರ್: ಎಷ್ಟು ಎತ್ತರ ಎನ್ನುವುದನ್ನು ಕೇಬಲ್‌ಗಳೇ ಹೇಳಲಿ

ಮೊದಲೇ ಹೇಳಿಬಿಡೋಣ: ದೂರದ ಓಡಾಟಕ್ಕೆಂದು ರೈಸರ್, ಅಂದರೆ ಬೈಕಿನ ಹ್ಯಾಂಡಲನ್ನು ಎತ್ತರಿಸಲು ಅದರ ಕೆಳಗೆ ಕೂರಿಸುವ ಲೋಹದ ತುಂಡು, ಹಾಕಿಸುವುದಾದರೆ 20ರಿಂದ 30 ಮಿ.ಮೀ. ಎತ್ತರದ್ದು ಕೊಳ್ಳಿ. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ರೈಸರ್ ಆಸೆ ಬಿಟ್ಟು, ಬೇರೆ ಬಾಗಿನ ಹ್ಯಾಂಡಲ್ ನೋಡಿ. 50 ಮಿ.ಮೀ. ರೈಸರ್‌ಗಳು ಸಿಗುವುದಿಲ್ಲವೆಂದಲ್ಲ, ಅವುಗಳಲ್ಲಿ ಚೆನ್ನಾಗಿರುವವೂ ಇವೆ. ಆದರೆ ಅಷ್ಟು ಎತ್ತರಕ್ಕೆ ಬೈಕಿನ ಜತೆ ಬಂದ ಕೇಬಲ್, ಬ್ರೇಕ್ ಹೋಸ್, ವೈರಿಂಗ್ ಎಟುಕುವುದು ಅಪರೂಪ. ರೈಸರ್ ಒಂದಕ್ಕೇ ಆಗುವ ಖರ್ಚು ಸಣ್ಣದು. ಅದರ ಹಿಂದೆ ಬರುವ ಉದ್ದದ ಹೋಸು, ಉದ್ದದ ಕ್ಲಚ್ ಕೇಬಲ್, ಬ್ರೇಕ್ ಆಯಿಲ್ ಕೆಲಸ ಸಣ್ಣದಲ್ಲ. ಡಬ್ಬಿಯ ಮೇಲೆ ಇದ್ಯಾವುದನ್ನೂ ಬರೆದಿರುವುದಿಲ್ಲ.

ರೈಸರ್ ಯಾವ ನೋವಿಗೆ ಮದ್ದು ಎಂಬುದು ಗೊತ್ತಿದ್ದರೆ ಅರ್ಧ ಗೊಂದಲ ಮುಗಿಯಿತು. ಮುಂದಕ್ಕೆ ಬಾಗಿ ಕೂತಾಗ ಮೈಭಾರದ ಒಂದು ಪಾಲು ಅಂಗೈ ಮೇಲೆ ಬೀಳುತ್ತದೆ. ಅಂಗೈಯ ಕಿರುಬೆರಳ ಬದಿ ಗಂಟೆಗಟ್ಟಲೆ ಗ್ರಿಪ್ಪಿಗೆ ಒತ್ತಿಕೊಂಡಿದ್ದರೆ ಅಲ್ಲಿ ಹಾದುಹೋಗುವ ಅಲ್ನಾರ್ ನರ ಅದುಮಿ, ಕಿರುಬೆರಳೂ ಉಂಗುರ ಬೆರಳೂ ಜೋಮು ಹಿಡಿಯುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಅದು ಮೀಡಿಯನ್ ನರ. ಮಣಿಕಟ್ಟು ಹೆಚ್ಚು ಮಡಚಿಕೊಂಡಿದೆ ಎಂದು ಅರ್ಥ. ಹ್ಯಾಂಡಲ್ ಎರಡು ಮೂರು ಸೆಂ.ಮೀ. ಮೇಲಕ್ಕೂ ಸ್ವಲ್ಪ ಹಿಂದಕ್ಕೂ ಬಂದರೆ ಈ ಎರಡೂ ತೊಂದರೆ ಇಳಿಯುತ್ತವೆ. ಮೊಣಕೈ ತುಸು ಮಡಚಿ, ಮುಂಗೈಯಿಂದ ಬೆರಳ ಗೆಣ್ಣಿನವರೆಗೆ ಒಂದೇ ಗೆರೆಯಲ್ಲಿರುವ ಹಾಗೆ ಕೂರಲು ಸಾಧ್ಯವಾಗುತ್ತದೆ. ಎತ್ತರದವರು ಮಣ್ಣುದಾರಿಯಲ್ಲಿ ಫುಟ್‌ರೆಸ್ಟ್ ಮೇಲೆ ನಿಂತು ಓಡಿಸುವಾಗ ಸೊಂಟ ಬಗ್ಗಿಸಬೇಕಾಗುವ ಕಷ್ಟವೂ ಕಡಿಮೆಯಾಗುತ್ತದೆ.

ರೈಸರ್‌ನಿಂದ ಆಗದ ಕೆಲಸಗಳೂ ಇವೆ. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಮೈ ಜಾರಿ ಜಾರಿ ಕೈ ಮೇಲೆ ಭಾರ ಬೀಳುತ್ತಲೇ ಇರುತ್ತದೆ. ಅಲ್ಲಿ ಮೊದಲು ಸೀಟಿನ ಫೋಮ್ ಸರಿಪಡಿಸಬೇಕು. ಎಂಜಿನ್ನಿನ ನಡುಕದಿಂದ ಕೈ ಮರಗಟ್ಟುತ್ತಿದ್ದರೆ ಹ್ಯಾಂಡಲ್ ತುದಿಗೆ ಹಾಕುವ ಭಾರದ ಬಾರ್ ಎಂಡ್, ಮೆತ್ತನೆಯ ಗ್ರಿಪ್ ಬೇಕೇ ಹೊರತು ರೈಸರ್ ಅಲ್ಲ. ಗ್ರಿಪ್ಪನ್ನು ಗಟ್ಟಿಯಾಗಿ ಹಿಡಿಯುವ ಅಭ್ಯಾಸಕ್ಕಂತೂ ಯಾವ ಸಾಮಾನೂ ಇಲ್ಲ, ಟ್ಯಾಂಕನ್ನು ಮಂಡಿಯಲ್ಲಿ ಹಿಡಿದು ಕೂರುವುದನ್ನು ರೂಢಿ ಮಾಡಿಕೊಳ್ಳಬೇಕಷ್ಟೆ.

ಎಷ್ಟು ಎತ್ತರ ಬೇಕು ಎಂದು ಅಳೆಯುವುದು ಸುಲಭ. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ದೂರ ಓಡಿಸುವಾಗ ಕೂರುವ ಹಾಗೇ ಕೂತು, ಎರಡೂ ಕೈ ಬಿಡಿ. ಬೆನ್ನು ತನಗೆ ಸರಿಕಂಡಲ್ಲಿ ನಿಲ್ಲಲಿ. ಹೆಗಲು ಎತ್ತದೆ, ಮೊಣಕೈ ಮಡಚಿ, ಹ್ಯಾಂಡಲ್ ಹಿಡಿಯುವವರಂತೆ ಕೈ ಮುಂದೆ ಚಾಚಿ. ಇನ್ನೊಬ್ಬರು ಪಕ್ಕದಿಂದ ನಿಮ್ಮ ಅಂಗೈಗೂ ಗ್ರಿಪ್ಪಿಗೂ ಇರುವ ಅಂತರವನ್ನು ಎರಡು ದಿಕ್ಕಿನಲ್ಲಿ ಅಳೆಯಲಿ: ಮೇಲೆ ಎಷ್ಟು, ಹಿಂದೆ ಎಷ್ಟು. ಈ ಎರಡು ಅಂಕಿ ಇಲ್ಲದೆ ರೈಸರ್ ಕೊಳ್ಳುವುದು ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ. ಮೇಲಕ್ಕೆ 20–30, ಹಿಂದಕ್ಕೆ 10–25 ಮಿ.ಮೀ. ಬಂದರೆ ರೈಸರ್ ಸಾಕು. ಮೇಲಕ್ಕೆ 60 ಅಥವಾ 70 ಬಂದರೆ ಹ್ಯಾಂಡಲ್ಲೇ ನಿಮಗೆ ಹೊಂದುವುದಲ್ಲ.

ಇಲ್ಲಿ ಹಲವರು ಗಮನಿಸದ ಒಂದು ಲೆಕ್ಕವಿದೆ. ಹ್ಯಾಂಡಲ್ ಕೂರುವ ಕ್ಲಾಂಪ್ ಸಾಮಾನ್ಯವಾಗಿ ಫೋರ್ಕಿನ ಎರಡು ಕೊಳವೆಗಳನ್ನು ಮೇಲೆ ಜೋಡಿಸುವ ಟಿ-ಪ್ಲೇಟಿಗೆ ನೇರವಾಗಿ ನಿಂತಿರುತ್ತದೆ, ಫೋರ್ಕ್ ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ ‘ನೇರ’ ರೈಸರ್ ಕೂಡ ಹ್ಯಾಂಡಲನ್ನು ಬರೀ ಮೇಲಕ್ಕೆ ಎತ್ತುವುದಿಲ್ಲ, ಫೋರ್ಕಿನ ಓರೆಯಲ್ಲೇ ಹಿಂದಕ್ಕೂ ತರುತ್ತದೆ. ಫೋರ್ಕಿನ ಓರೆ 26 ಡಿಗ್ರಿ ಇದ್ದರೆ 30 ಮಿ.ಮೀ. ರೈಸರ್ ಸುಮಾರು 27 ಮಿ.ಮೀ. ಮೇಲಕ್ಕೂ 13 ಮಿ.ಮೀ. ಹಿಂದಕ್ಕೂ ತರುತ್ತದೆ. ಅದೇ ಓರೆಯಲ್ಲಿ 50 ಮಿ.ಮೀ. ರೈಸರ್ 45 ಮೇಲಕ್ಕೆ, 22 ಹಿಂದಕ್ಕೆ. ಕ್ರೂಸರ್‌ಗಳಲ್ಲಿ ಓರೆ 30 ಡಿಗ್ರಿ ದಾಟುವುದರಿಂದ ಹಿಂದಕ್ಕೆ ಬರುವುದು ಇನ್ನೂ ಹೆಚ್ಚು. ಅಳತೆಯಲ್ಲಿ ನಿಮಗೆ ಹಿಂದಕ್ಕೆ ಬೇಕಾಗಿದ್ದು 12–15 ಮಿ.ಮೀ. ಮಾತ್ರವಾಗಿದ್ದರೆ ನೇರ ರೈಸರ್ರೇ ಅದನ್ನು ಕೊಟ್ಟುಬಿಡುತ್ತದೆ. ‘ಮೇಲಕ್ಕೂ ಹಿಂದಕ್ಕೂ’ ಎಂದು ಹೆಚ್ಚು ಬೆಲೆಗೆ ಮಾರುವ ಬಗೆ ಬೇಕಿಲ್ಲ.

ಸಿಗುವ ಬಗೆಗಳು

ಒಂದೇ ತುಂಡಿನ ನೇರ ಬ್ಲಾಕ್. ಎಡ ಬಲ ಎರಡೂ ಆಸನ ಒಂದೇ ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದಿರುತ್ತವೆ, ನಡುವೆ ಸೇತುವೆಯಂತೆ ಲೋಹ ಇರುತ್ತದೆ. ಕೆಳಭಾಗ ಬೈಕಿನ ಕ್ಲಾಂಪಿನ ಗುಳಿಯಲ್ಲಿ ಕೂರುತ್ತದೆ, ಮೇಲ್ಭಾಗದಲ್ಲಿ ಹ್ಯಾಂಡಲ್ ಕೂರಲು ಅದರದೇ ಗುಳಿ ಇರುತ್ತದೆ. ದೂರದ ಓಡಾಟಕ್ಕೆ ನಮ್ಮ ಆಯ್ಕೆ ಇದೇ. ಎಡ ಬಲ ಜೋಡಿಸಿರುವುದರಿಂದ ಹ್ಯಾಂಡಲ್ ಎಳೆದಾಗ ಒಂದೊಂದು ಬದಿ ಒಂದೊಂದು ಕಡೆ ತಿರುಚಿಕೊಳ್ಳುವುದಿಲ್ಲ, ಬೈಕ್ ಬಿದ್ದಾಗಲೂ ಗುಳಿಗಳ ಸಾಲು ಕೆಡುವುದು ಕಡಿಮೆ.

ಎರಡು ಬಿಡಿ ತುಂಡುಗಳದ್ದು. ಮೇಲಿನದಕ್ಕಿಂತ ಅಗ್ಗ, ಎಲ್ಲೆಡೆ ಸಿಗುತ್ತದೆ, 20–25 ಮಿ.ಮೀ.ವರೆಗೆ ದೂರುವಂಥದ್ದೇನೂ ಇಲ್ಲ. ಅಗಲ ಬೇರೆ ಬೇರೆ ಇರುವ ಬೈಕುಗಳಿಗೂ ಹೊಂದುತ್ತದೆ. ಆದರೆ ಕೂರಿಸುವಾಗ ಎರಡೂ ಗುಳಿ ಒಂದೇ ಗೆರೆಯಲ್ಲಿವೆಯೇ ಎಂದು ನೋಡುವ ಹೊಣೆ ನಿಮ್ಮದು. ತುಸು ತಿರುಗಿ ಕೂತರೂ ಹ್ಯಾಂಡಲ್ ಗುಳಿಯ ಅಂಚಿಗೆ ಮಾತ್ರ ತಾಗಿ, ಅಲ್ಲಿ ಗೀರು ಬೀಳುತ್ತದೆ. ಅಲ್ಯೂಮಿನಿಯಂ ಹ್ಯಾಂಡಲ್ಲಿನ ಬಿರುಕು ಶುರುವಾಗುವುದು ಇಂಥ ಗೀರಿನಿಂದಲೇ.

ಮೇಲಕ್ಕೂ ಹಿಂದಕ್ಕೂ ತರುವ ಆಫ್‌ಸೆಟ್ ಬಗೆ. ತೋಳು ಗಿಡ್ಡ ಇರುವವರಿಗೆ, ಟ್ಯಾಂಕ್ ಉದ್ದ ಇರುವ ಟೂರಿಂಗ್ ಬೈಕಿಗೆ ನಿಜಕ್ಕೂ ಉಪಯೋಗ. ಇದರಲ್ಲಿ ಬೋಲ್ಟ್‌ಗಳು ಎರಡು ಹಂತ: ರೈಸರನ್ನು ಬೈಕಿಗೆ ಬಿಗಿಯುವ ಬೋಲ್ಟ್ ಬೇರೆ, ಹ್ಯಾಂಡಲನ್ನು ರೈಸರಿಗೆ ಬಿಗಿಯುವ ಬೋಲ್ಟ್ ಬೇರೆ. ಕೆಳಗಿನ ಬೋಲ್ಟ್‌ಗಳ ತಲೆ ಹ್ಯಾಂಡಲ್ ಅಡಿಯಲ್ಲಿ ಮುಚ್ಚಿಹೋಗುವುದರಿಂದ ಅವು ಸಡಿಲವಾದರೂ ಕಣ್ಣಿಗೆ ಬೀಳುವುದಿಲ್ಲ. ಮತ್ತೆ ಬಿಗಿಯಬೇಕೆಂದರೆ ಹ್ಯಾಂಡಲ್ ಬಿಚ್ಚಲೇಬೇಕು. ಆದ್ದರಿಂದ ಕೆಳಗಿನ ಬೋಲ್ಟ್‌ಗಳಿಗೆ ಮಧ್ಯಮ ಬಲದ, ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್‌ಲಾಕರ್ ಕಡ್ಡಾಯ ಎಂದೇ ತಿಳಿಯಿರಿ.

ಕೀಲಿನ ಮೇಲೆ ತಿರುಗುವ ಬಗೆ. ರಾಕ್ಸ್ ಸ್ಪೀಡ್ ಎಫ್‌ಎಕ್ಸ್‌ನ 2 ಇಂಚಿನ ರೈಸರ್ ಇದರಲ್ಲಿ ಹೆಸರಾದದ್ದು. ಕೆಳಗೊಂದು ಕ್ಲಾಂಪ್, ಮೇಲೊಂದು ಕ್ಲಾಂಪ್, ಹ್ಯಾಂಡಲನ್ನು ಮುಂದಕ್ಕೂ ಹಿಂದಕ್ಕೂ ವಾಲಿಸಿ ಬೇಕಾದಲ್ಲಿ ನಿಲ್ಲಿಸಬಹುದು. ನಿಂತು ಓಡಿಸುವವರಿಗೆ, ಎತ್ತರದವರಿಗೆ ಇದರ ಲಾಭ ದೊಡ್ಡದು. ಡಾಂಬರು ರಸ್ತೆಯಲ್ಲಿ ಕೂತೇ ಹೋಗುವವರಿಗೆ ಎತ್ತರ ಹೆಚ್ಚಾಯಿತು, ನಿಗಾ ಇಡಬೇಕಾದ ಬೋಲ್ಟೂ ಹೆಚ್ಚಾಯಿತು. 2 ಇಂಚೆಂದರೆ ಸುಮಾರು 51 ಮಿ.ಮೀ.; ಮೊದಲೇ ಹೇಳಿದ ಕೇಬಲ್ ಪ್ರಶ್ನೆ ಇಲ್ಲಿ ತಪ್ಪುವುದಿಲ್ಲ.

ಇನ್ನು, ಟಿ-ಪ್ಲೇಟಿಗೂ ಕ್ಲಾಂಪ್ ಕಂಬಕ್ಕೂ ನಡುವೆ ಗುಂಡನೆಯ ಸ್ಪೇಸರ್‌ಗಳನ್ನು ಒಂದರ ಮೇಲೊಂದು ಪೇರಿಸಿ ಉದ್ದದ ಬೋಲ್ಟ್ ಹಾಕುವ ಪದ್ಧತಿ. ಒಂದು ದಪ್ಪನೆಯ ಸ್ಪೇಸರ್ ಸರಿ. ಮೂರು ನಾಲ್ಕು ಬಿಲ್ಲೆ ಪೇರಿಸುವುದು ಬೇಡ. ಪ್ರತಿ ಬಿಲ್ಲೆಯ ನಡುವಿನ ಮೇಲ್ಮೈಯೂ ಓಡುತ್ತ ಓಡುತ್ತ ಕೂರುತ್ತದೆ, ಬೋಲ್ಟಿನ ಬಿಗಿ ಇಳಿಯುತ್ತದೆ. ರಬ್ಬರ್ ಬುಷ್ ಮೇಲೆ ನಿಂತ ಕ್ಲಾಂಪ್ ಇರುವ ಬೈಕುಗಳಲ್ಲಿ ಇದು ಇನ್ನೂ ಕೆಟ್ಟದ್ದು: ಕಂಬ ಉದ್ದವಾದಷ್ಟೂ ರಬ್ಬರಿನ ಮೇಲೆ ಸನ್ನೆಬಲ ಹೆಚ್ಚಾಗಿ, ಬ್ರೇಕ್ ಹಿಡಿದಾಗ ಹ್ಯಾಂಡಲ್ ಮುಂದಕ್ಕೆ ವಾಲಿದಂತೆ ತೋರುತ್ತದೆ. ಗಟ್ಟಿ ಬುಷ್ ಹಾಕಿದರೆ ವಾಲುವುದು ನಿಲ್ಲುತ್ತದೆ, ಬದಲಿಗೆ ಎಂಜಿನ್ ನಡುಕ ಕೈಗೆ ಬರುತ್ತದೆ. ಒಂದು ಕೈಯ ನೋವು ಕಳೆದು ಇನ್ನೊಂದು ತಂದುಕೊಂಡಂತೆ.

ಸ್ಪೋರ್ಟ್ಸ್ ಬೈಕಿನಲ್ಲಿ ಫೋರ್ಕಿನ ಎರಡು ಕೊಳವೆಗೆ ಬೇರೆ ಬೇರೆಯಾಗಿ ಬಿಗಿಯುವ ಕ್ಲಿಪ್-ಆನ್‌ಗಳಿಗೆ ಈ ಯಾವುದೂ ಹೊಂದುವುದಿಲ್ಲ. ಅವಕ್ಕೆ ಆಯಾ ಮಾಡೆಲ್‌ಗೆಂದೇ ಮಾಡಿದ ಎತ್ತರದ ಕ್ಲಿಪ್-ಆನ್ ಬೇಕು. ಫೇರಿಂಗಿಗೆ ತಾಗುವ ತೊಂದರೆಯೂ ಅಲ್ಲೇ ಹೆಚ್ಚು.

ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಬೇಕಾದ್ದು

ಹ್ಯಾಂಡಲ್ ದಪ್ಪ ಮೊದಲು. ಸಾಮಾನ್ಯ ಹ್ಯಾಂಡಲ್‌ಗಳು 22 ಮಿ.ಮೀ., ಅಂದರೆ ಸುಮಾರು 7/8 ಇಂಚು. ಕೆಲವು ಕ್ರೂಸರ್‌ಗಳದ್ದು 25.4 ಮಿ.ಮೀ. ಅಡ್ವೆಂಚರ್ ಬೈಕುಗಳ ದಪ್ಪ ಹ್ಯಾಂಡಲ್ ಕ್ಲಾಂಪ್ ಇರುವಲ್ಲಿ 28.6 ಮಿ.ಮೀ. ಇದ್ದು, ಗ್ರಿಪ್ ಹತ್ತಿರ 22ಕ್ಕೆ ಇಳಿಯುತ್ತದೆ. ಆದ್ದರಿಂದ ಗ್ರಿಪ್ ಬಳಿ ಅಳೆದು ಮೋಸಹೋಗಬೇಡಿ, ಕ್ಲಾಂಪ್ ಪಕ್ಕದಲ್ಲೇ ವರ್ನಿಯರ್ ಇಟ್ಟು ಅಳೆಯಿರಿ. 28.6ರ ರೈಸರಿಗೆ ಸಂದು ತುಂಬುವ ಒಳತೊಡಿಗೆ (ಶಿಮ್) ಹಾಕಿ 22ರ ಹ್ಯಾಂಡಲ್ ಕೂರಿಸುವುದಿದೆ. ಒಳತೊಡಿಗೆ ಎರಡು ಹೋಳಾಗಿರಬೇಕು, ಆ ಹೋಳುಗಳ ಸೀಳು ಕ್ಲಾಂಪಿನ ಸೀಳಿನ ಎದುರಿಗೇ ಬರಬೇಕು. ಬೇರೆಡೆ ಬಂದರೆ ಎಷ್ಟು ಬಿಗಿದರೂ ಹ್ಯಾಂಡಲ್ ಮೆಲ್ಲಗೆ ತಿರುಗುತ್ತದೆ.

ಲೋಹದ ಬಗ್ಗೆ ಹೇಳುವುದಾದರೆ, 6061-ಟಿ6 ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದದ್ದು ಸಾಕಷ್ಟು ಗಟ್ಟಿ. ಎರಕ ಹೊಯ್ದದ್ದನ್ನು ಗುರುತಿಸುವುದು ಕಷ್ಟವಲ್ಲ: ಅಚ್ಚಿನ ಗೆರೆ, ಒರಟು ಒಳಮೈ, ರಂಧ್ರದ ಒಳಗೆ ಸಣ್ಣ ಗುಳ್ಳೆ. ಮೇಲೆ ಎಷ್ಟೇ ಚೆಂದದ ಕಪ್ಪು ಬಣ್ಣ ಇದ್ದರೂ ಬೋಲ್ಟ್ ರಂಧ್ರದೊಳಗೆ ಟಾರ್ಚ್ ಬಿಟ್ಟು ನೋಡಿ. ಗುಳಿಯ ಅಂಚನ್ನು ಬೆರಳಿನಿಂದ ಸವರಿ. ಚೂಪು ಹತ್ತಿದರೆ ಹಿಂದಿರುಗಿಸಿ. ಒಳ್ಳೆಯ ತಯಾರಕರು ಅಂಚನ್ನು ಸವರಿ ಗುಂಡಗೆ ಮಾಡಿರುತ್ತಾರೆ.

ರೈಸರ್ ಕಿಟ್‌ಗಳಲ್ಲಿ ತಯಾರಕರು ಉಳಿತಾಯ ಮಾಡುವುದು ಹೆಚ್ಚಾಗಿ ಬೋಲ್ಟ್‌ನಲ್ಲಿ. ಬಹುತೇಕ ಬೈಕುಗಳಲ್ಲಿ ಇಲ್ಲಿ ಬರುವುದು ಎಂ8, 1.25 ಪಿಚ್, 6 ಮಿ.ಮೀ. ಅಲೆನ್ ಕೀ ಹಿಡಿಯುವ ಬೋಲ್ಟ್. ತಲೆಯ ಮೇಲೆ ಬಲದ ದರ್ಜೆ 8.8, 10.9 ಅಥವಾ 12.9 ಎಂದು ಇರಬೇಕು. ಎ2-70 ಎಂದಿದ್ದರೆ ಅದು ಸ್ಟೇನ್‌ಲೆಸ್. ತುಕ್ಕು ಹಿಡಿಯುವುದಿಲ್ಲ, ನೋಡಲು ಚೆಂದ. ಆದರೆ 8.8ರ ಬೋಲ್ಟ್ 640 ಮೆಗಾಪಾಸ್ಕಲ್‌ವರೆಗೆ ಎಳೆತ ತಡೆದರೆ ಎ2-70 ಶಾಶ್ವತವಾಗಿ ಹಿಗ್ಗಲು ಶುರುಮಾಡುವುದು 450ಕ್ಕೇ. ಹ್ಯಾಂಡಲ್ ಹಿಡಿದಿಡುವ ಜಾಗದಲ್ಲಿ ಚೆಂದಕ್ಕೆ ಅಂಕ ಕೊಡಬಾರದು. ತಲೆ ಮೇಲೆ ಏನೂ ಬರೆಯದ ಬೋಲ್ಟ್ ಬಂದಿದ್ದರೆ ಅದನ್ನು ಬದಿಗಿಟ್ಟು, ಗುರುತಿರುವ ಅದೇ ಅಳತೆಯ ಬೋಲ್ಟ್ ತಂದು ಹಾಕಿ.

ಉದ್ದವೂ ಅಷ್ಟೇ ಮುಖ್ಯ. ಒಂದೇ ಬೋಲ್ಟ್ ಮೇಲಿನಿಂದ ಕೆಳಗಿನವರೆಗೆ ಹಾಯುವ ರೈಸರ್ ಆದರೆ ಹೊಸ ಬೋಲ್ಟ್ ಹಳೆಯದಕ್ಕಿಂತ ಸರಿಯಾಗಿ ರೈಸರ್ ಎತ್ತರದಷ್ಟೇ ಉದ್ದ ಇರಬೇಕು: ಹಳೆಯದು 35 ಮಿ.ಮೀ., ರೈಸರ್ 30 ಎಂದರೆ ಹೊಸದು 65. ಗಿಡ್ಡವಾದರೆ ಥ್ರೆಡ್ ಹಿಡಿಯುವುದು ಸಾಲದೆ ಅಲ್ಯೂಮಿನಿಯಂ ಕಿತ್ತುಬರುತ್ತದೆ. ಅಲ್ಯೂಮಿನಿಯಂ ಒಳಗೆ ಎಂ8 ಬೋಲ್ಟ್ ಕಡಿಮೆಯೆಂದರೂ 12 ಮಿ.ಮೀ. ಹೋಗಿರಬೇಕು, 16 ಇದ್ದರೆ ನೆಮ್ಮದಿ. ಪಿಚ್ 1.25 ಇರುವುದರಿಂದ ಲೆಕ್ಕ ಬೆರಳಿನಲ್ಲೇ ಮಾಡಬಹುದು: ಹತ್ತು ಸುತ್ತು ಹೋಯಿತೆಂದರೆ 12.5 ಮಿ.ಮೀ. ಹಳೆಯ ಬೋಲ್ಟ್ ಬಿಚ್ಚುವಾಗ ಸುತ್ತು ಎಣಿಸಿಕೊಳ್ಳಿ, ಹೊಸದು ಅಷ್ಟೇ ಸುತ್ತು ಹೋಗಬೇಕು. ಅತಿ ಉದ್ದವಾದರೆ ತೊಂದರೆ ಇನ್ನೂ ಮರೆಮೋಸದ್ದು. ಬೋಲ್ಟಿನ ತುದಿ ಕುರುಡು ರಂಧ್ರದ ತಳಕ್ಕೆ ಮುಟ್ಟಿ ನಿಲ್ಲುತ್ತದೆ, ಟಾರ್ಕ್ ವ್ರೆಂಚ್ ‘ಟಿಕ್’ ಅನ್ನುತ್ತದೆ, ಹ್ಯಾಂಡಲ್ ಮಾತ್ರ ಹಿಡಿತಕ್ಕೆ ಸಿಕ್ಕಿರುವುದಿಲ್ಲ.

ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ

ರೈಸರ್ ಇನ್ನೂ ಕೊಂಡಿಲ್ಲವೆನ್ನಿ. ಟ್ಯಾಂಕ್ ಮೇಲೆ ದಪ್ಪ ಕಂಬಳಿ ಹೊದಿಸಿ. ಹ್ಯಾಂಡಲ್ ಕ್ಲಾಂಪಿನ ಮೇಲಿನ ಮುಚ್ಚಳ ಬಿಚ್ಚಿ, ಹ್ಯಾಂಡಲನ್ನು ಎಲ್ಲ ಕೇಬಲ್‌ಗಳ ಸಮೇತ ಮೇಲೆತ್ತಿ, ಕೆಳಗೆ 30 ಮಿ.ಮೀ. ಮರದ ತುಂಡು ಇಡಿ. ಒಬ್ಬರು ಹ್ಯಾಂಡಲ್ ಹಿಡಿದಿರಲಿ, ಇನ್ನೊಬ್ಬರು ಫೋರ್ಕನ್ನು ಮೆಲ್ಲಗೆ ಎಡ ತುದಿಗೂ ಬಲ ತುದಿಗೂ ತಿರುಗಿಸಲಿ. ಯಾವ ಕೇಬಲ್ ತಂತಿಯ ಹಾಗೆ ಬಿಗಿಯಿತು? ಹೋಸ್ ಮಾಸ್ಟರ್ ಸಿಲಿಂಡರ್ (ಬ್ರೇಕ್ ಲಿವರ್ ಬಳಿ ಬ್ರೇಕ್ ಆಯಿಲ್ ಡಬ್ಬಿ ಇರುವ ಪಂಪು) ಹತ್ತಿರ ಬಾಗದೆ ನೇರ ನಿಂತಿತೇ? 30ರಲ್ಲಿ ಬಿಗಿಯಿತು ಎಂದರೆ 20ರ ತುಂಡು ಇಟ್ಟು ಮತ್ತೆ ನೋಡಿ. ನಿಮ್ಮ ಬೈಕಿಗೆ ಎಷ್ಟು ಎತ್ತರ ಎಂಬ ಉತ್ತರ ಇಲ್ಲೇ ಸಿಗುತ್ತದೆ. ‘ಈ ಮಾಡೆಲ್‌ಗೆ ಸರಿಹೊಂದುತ್ತದೆ’ ಎಂದು ತಯಾರಕರು ಬರೆದಿದ್ದರೆ ಕ್ಲಾಂಪಿಗೆ ಹೊಂದುತ್ತದೆ ಎಂದಷ್ಟೇ ತಿಳಿದುಕೊಳ್ಳುವುದು ಕ್ಷೇಮ.

ಬಿಗಿಯಾದ ಕೇಬಲ್ ಎಂದರೆ ಹೊಸ ಕೇಬಲ್ ಎಂದೇನೂ ಅಲ್ಲ. ಸ್ಟೀರಿಂಗ್ ತಲೆಯ ಹತ್ತಿರ ಹಾರ್ನೆಸ್ (ವೈರುಗಳ ಕಂತೆ) ಕಟ್ಟಿದ ಪ್ಲಾಸ್ಟಿಕ್ ಟೈ ಬಿಚ್ಚಿದರೆ ಹಲವು ಸಲ ಬೇಕಾದಷ್ಟು ಸಡಿಲ ಸಿಗುತ್ತದೆ. ಕ್ಲಚ್ ಕೇಬಲ್ ಫೋರ್ಕಿನ ಮುಂದೆ ಬಳಸಿ ಬರುತ್ತಿದ್ದರೆ ಫೋರ್ಕಿನ ಒಳಗಡೆಯಿಂದ ತರಬಹುದು. ಹೋಸ್ ಹಿಡಿಯುವ ಕೊಂಡಿಯನ್ನು ತುಸು ಮೇಲಕ್ಕೆ ಸರಿಸಬಹುದು. ದಾರಿ ಬದಲಿಸುವಾಗ ಒಂದೇ ಎಚ್ಚರಿಕೆ: ಸ್ಟೀರಿಂಗ್ ನಿಲ್ಲುವ ಸ್ಟಾಪರ್ ಮಧ್ಯೆ ಕೇಬಲ್ ಸಿಕ್ಕಿಕೊಳ್ಳಬಾರದು, ಎಂಜಿನ್ ಬಿಸಿಗೆ ತಾಗಬಾರದು. ಬಿಚ್ಚುವ ಮೊದಲು ಎಡಗಡೆಯಿಂದ, ಬಲಗಡೆಯಿಂದ, ಮೇಲಿನಿಂದ ಫೋಟೋ ತೆಗೆದಿಟ್ಟುಕೊಂಡರೆ ಮತ್ತೆ ಜೋಡಿಸುವಾಗ ತಲೆ ಕೆರೆದುಕೊಳ್ಳಬೇಕಿಲ್ಲ.

ಕೂರಿಸುವ ಕೆಲಸ

ಬೇಕಾಗುವ ಸಾಮಾನು ಕಡಿಮೆ: ಅಲೆನ್ ಸಾಕೆಟ್, 5ರಿಂದ 30 ನ್ಯೂಟನ್-ಮೀಟರ್ ಅಳೆಯುವ ಟಾರ್ಕ್ ವ್ರೆಂಚ್, ಮಾಸ್ಕಿಂಗ್ ಟೇಪ್, ನೀಲಿ ಥ್ರೆಡ್‌ಲಾಕರ್, ಒಂದಿಷ್ಟು ಹಗ್ಗ. ಹ್ಯಾಂಡಲ್ ಮೇಲೆ ಕ್ಲಾಂಪಿನ ಸೀಳಿಗೆ ಎದುರಾಗಿ ಒಂದು ಚುಕ್ಕಿ ಗುರುತು ಇರುತ್ತದೆ. ಕಾಣದಿದ್ದರೆ ಟೇಪ್ ಹಚ್ಚಿ ಗೆರೆ ಎಳೆದುಕೊಳ್ಳಿ. ಬಿಚ್ಚಿದ ಹ್ಯಾಂಡಲನ್ನು ಹೋಸಿನಿಂದ ನೇತುಬಿಡಬೇಡಿ, ಹಗ್ಗ ಕಟ್ಟಿ ಮಾಸ್ಟರ್ ಸಿಲಿಂಡರ್ ಬಾಯಿ ಮೇಲಾಗಿಯೇ ಇರುವಂತೆ ನಿಲ್ಲಿಸಿ. ತಲೆಕೆಳಗಾದರೆ ಡಬ್ಬಿಯಲ್ಲಿರುವ ಗಾಳಿ ಹೋಸಿಗೆ ನುಗ್ಗಿ, ಬ್ರೇಕ್ ಲಿವರ್ ಮೆತ್ತಗಾಗುತ್ತದೆ.

ಗುಳಿಗಳನ್ನೂ ಥ್ರೆಡ್‌ಗಳನ್ನೂ ಒರೆಸಿ ಒಣಗಿಸಿ. ಎಣ್ಣೆಯಾದ ಥ್ರೆಡ್‌ನಲ್ಲಿ ಘರ್ಷಣೆ ಕಡಿಮೆ ಇರುವುದರಿಂದ ಅದೇ ಟಾರ್ಕ್‌ಗೆ ಬೋಲ್ಟ್ ಹೆಚ್ಚು ಹಿಗ್ಗುತ್ತದೆ, ಅಲ್ಯೂಮಿನಿಯಂ ಥ್ರೆಡ್ ಕೈಕೊಡುತ್ತದೆ. ಬೋಲ್ಟ್‌ಗಳನ್ನು ಮೊದಲ ನಾಲ್ಕೈದು ಸುತ್ತು ಬೆರಳಿನಿಂದಲೇ ತಿರುಗಿಸಿ. ತಡೆದರೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಹಾಕಿ. ಅಡ್ಡ ಹತ್ತಿದ ಥ್ರೆಡ್ಡನ್ನು ವ್ರೆಂಚ್ ಬಲದಿಂದ ದಾಟಿಸಲು ಹೋದರೆ ಟಿ-ಪ್ಲೇಟ್ ಹಾಳು, ಆ ರಿಪೇರಿಗೆ ಹೆಲಿಕಾಯಿಲ್ (ಕೆಟ್ಟ ಥ್ರೆಡ್ ಜಾಗದಲ್ಲಿ ಕೂರಿಸುವ ತಂತಿಸುರುಳಿ) ಹಾಕಿಸಬೇಕಾಗುತ್ತದೆ.

ಬಿಗಿಯುವ ಕ್ರಮ: ಮೇಲಿನ ಮುಚ್ಚಳದ ಮೇಲೆ ಚುಕ್ಕಿ ಅಥವಾ ಬಾಣದ ಗುರುತು ಇದ್ದರೆ ಅದು ಮುಂದಕ್ಕೆ ಬರಬೇಕು. ಅಂಥ ಕ್ಲಾಂಪ್‌ಗಳಲ್ಲಿ ಮುಂದಿನ ಬೋಲ್ಟ್‌ಗಳನ್ನು ಮೊದಲು ಪೂರ್ತಿ ಬಿಗಿದು ಮುಂದಿನ ಸೀಳು ಮುಚ್ಚಿಸಿ, ಆಮೇಲೆ ಹಿಂದಿನವು. ಸಂದು ಹಿಂದೆ ಮಾತ್ರ ಉಳಿಯುತ್ತದೆ. ಗುರುತಿಲ್ಲದ ಕ್ಲಾಂಪ್‌ಗಳಲ್ಲಿ ಮುಂದೆ ಹಿಂದೆ ಸಂದು ಸಮ ಇರುವಂತೆ ಅಡ್ಡಡ್ಡ ಸರದಿಯಲ್ಲಿ ಬಿಗಿಯಬೇಕು. ಯಾವುದು ನಿಮ್ಮದು ಎಂದು ಬೈಕಿನ ಸರ್ವಿಸ್ ಮ್ಯಾನ್ಯುಯಲ್ ಮತ್ತು ರೈಸರ್ ಚೀಟಿ ಎರಡೂ ನೋಡಿ. ಎಂ8ಕ್ಕೆ ಸಾಮಾನ್ಯವಾಗಿ 20–25 ನ್ಯೂಟನ್-ಮೀಟರ್, ಎಂ6 ಆದರೆ 10ರ ಆಸುಪಾಸು. ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಒಂದೇ ಏಟಿಗೆ ಪೂರ್ತಿ ಬಿಗಿಯದೆ ಎರಡು ಮೂರು ಹಂತದಲ್ಲಿ ಏರಿಸಿ.

ಹ್ಯಾಂಡಲ್ ಕೂತ ಮೇಲೆ ಲಿವರ್‌ಗಳ ಓರೆ ಮತ್ತೆ ಹೊಂದಿಸಬೇಕು. ಕೈ ಎತ್ತರಕ್ಕೆ ಬಂದು ಮುಂಗೈ ಮೊದಲಿಗಿಂತ ಮಟ್ಟವಾಗುತ್ತದೆ, ಹಾಗಾಗಿ ಹಳೆಯ ಓರೆಯಲ್ಲೇ ಬಿಟ್ಟರೆ ಬೆರಳು ಕೆಳಗೆ ಹುಡುಕಬೇಕಾಗುತ್ತದೆ. ಲಿವರ್ ತುಸು ಮೇಲಕ್ಕೆ ತಿರುಗಿಸಿ. ಸ್ವಿಚ್ ಡಬ್ಬಿಗಳಲ್ಲಿ ಹ್ಯಾಂಡಲ್ ರಂಧ್ರಕ್ಕೆ ಕೂರುವ ಒಂದು ಗೂಟ ಇರುವುದರಿಂದ ಅವನ್ನು ಮಾತ್ರ ತಿರುಗಿಸಲು ಬರುವುದಿಲ್ಲ, ಆ ಗೂಟ ಕತ್ತರಿಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಮಾಸ್ಟರ್ ಸಿಲಿಂಡರಿನ ಡಬ್ಬಿ, ಹ್ಯಾಂಡಲ್ ನೇರ ಇರುವಾಗ, ಹೆಚ್ಚುಕಡಿಮೆ ಮಟ್ಟವಾಗಿರಲಿ.

ರಸ್ತೆಗಿಳಿಯುವ ಮುನ್ನ

ಈ ಭಾಗವನ್ನು ಅವಸರದಲ್ಲಿ ಮುಗಿಸುವವರೇ ಹೆಚ್ಚು. ಜೀವಕ್ಕೆ ಕುತ್ತು ಬರುವುದೂ ಇಲ್ಲೇ. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ. ಎಕ್ಸಲರೇಟರ್ ಮುಟ್ಟದೆ ಹ್ಯಾಂಡಲನ್ನು ತುದಿಯಿಂದ ತುದಿಗೆ ತಿರುಗಿಸಿ. ಯಾವುದೇ ಬದಿಯಲ್ಲಿ ಎಂಜಿನ್ ಸದ್ದು ಏರಿತೆಂದರೆ ಎಕ್ಸಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ. ಯೂ-ಟರ್ನ್ ಹೊಡೆಯುವಾಗ ಬೈಕ್ ತಾನೇ ಮುನ್ನುಗ್ಗುವುದು ಇದರ ಫಲ. ಎಂಜಿನ್ ನಿಲ್ಲಿಸಿ, ಎರಡೂ ತುದಿಯಲ್ಲಿ ಎಕ್ಸಲರೇಟರ್ ಪೂರ್ತಿ ತಿರುಗಿಸಿ ಬಿಡಿ. ಅದು ‘ಟಪ್’ ಎಂದು ತಾನಾಗಿ ವಾಪಸು ಬರಬೇಕು. ಗ್ರಿಪ್ಪಿನಲ್ಲಿ 2ರಿಂದ 4 ಮಿ.ಮೀ. ಸಡಿಲ ಇರಲಿ.

ಕ್ಲಚ್ ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರುವುದು ರೂಢಿ. ಈ ಸಡಿಲ ಹ್ಯಾಂಡಲ್ ನೇರ ಇದ್ದಾಗ ಮಾತ್ರವಲ್ಲ, ಎರಡೂ ತುದಿಯಲ್ಲೂ ಉಳಿಯಬೇಕು. ಒಂದು ಬದಿಗೆ ತಿರುಗಿಸಿದಾಗ ಸೊನ್ನೆಯಾದರೆ ಕ್ಲಚ್ ಅರ್ಧ ಹಿಡಿದಂತೆಯೇ ಓಡಿ, ಪ್ಲೇಟುಗಳು ಸುಡುತ್ತವೆ. ಅಡ್ಜಸ್ಟರ್ ತಿರುಗಿಸಿ ಸರಿಮಾಡಬಹುದಾದಷ್ಟು ಮಾಡಿ. ಅಡ್ಜಸ್ಟರ್ ಕೊನೆ ಮುಟ್ಟಿದರೆ ಉದ್ದದ ಕೇಬಲ್ಲೇ ದಾರಿ.

ಮುಂದಿನ ಬ್ರೇಕ್ ಹೋಸ್ ನೋಡುವ ಕ್ರಮ ಬೈಕಿಗೆ ತಕ್ಕಂತೆ ಬೇರೆ. ಎಬಿಎಸ್ ಇಲ್ಲದ ಬೈಕಿನಲ್ಲಿ ಹೋಸ್ ಮಾಸ್ಟರ್ ಸಿಲಿಂಡರ್‌ನಿಂದ ನೇರ ಕ್ಯಾಲಿಪರ್‌ಗೆ ಇಳಿಯುತ್ತದೆ. ಆದ್ದರಿಂದ ಮುಂದಿನ ಚಕ್ರ ನೆಲದಿಂದ ಎದ್ದು ಫೋರ್ಕ್ ಪೂರ್ತಿ ಚಾಚಿಕೊಂಡಾಗ ಅದು ಅತಿ ಹೆಚ್ಚು ಎಳೆತದಲ್ಲಿರುತ್ತದೆ. ಎಂಜಿನ್ ಅಡಿಗೆ ಆಸರೆ ಕೊಟ್ಟು ಚಕ್ರ ಎತ್ತಿ, ಆ ಸ್ಥಿತಿಯಲ್ಲೇ ಎರಡೂ ಬದಿಗೆ ತಿರುಗಿಸಿ ನೋಡಬೇಕು. ಸೈಡ್ ಸ್ಟ್ಯಾಂಡ್ ಮೇಲೆ ಸರಿ ಕಂಡದ್ದು ಗುಂಡಿ ಹಾರಿದಾಗ ಸರಿ ಇರಬೇಕೆಂದಿಲ್ಲ. ಎಬಿಎಸ್ ಇದ್ದರೆ ಹ್ಯಾಂಡಲ್‌ನಿಂದ ಹೊರಟ ಹೋಸ್ ಮೊದಲು ಎಬಿಎಸ್ ಘಟಕಕ್ಕೆ ಹೋಗುತ್ತದೆ. ರೈಸರಿನಿಂದ ಎಳೆತ ಬೀಳುವುದು ಆ ತುಂಡಿಗೆ ಮಾತ್ರ, ಫೋರ್ಕಿನ ಏರಿಳಿತ ಅದಕ್ಕೆ ತಾಗುವುದಿಲ್ಲ.

ಹೋಸ್ ಕೊಂಚದರಲ್ಲಿ ಸಾಲದೆ ಹೋದರೆ ಮಾಸ್ಟರ್ ಸಿಲಿಂಡರ್ ಬಳಿ ಹೋಸನ್ನು ಬಿಗಿದಿರುವ ಬ್ಯಾಂಜೋ ಬೋಲ್ಟ್ ಸಡಿಲಿಸಿ, ಹೋಸಿನ ಮೂತಿಯನ್ನು ಒಂದಿಷ್ಟು ತಿರುಗಿಸಿದರೆ ಕೆಲವೊಮ್ಮೆ ಸಾಕಾಗುತ್ತದೆ. ಆದರೆ ಅದನ್ನು ಒಮ್ಮೆ ಸಡಿಲಿಸಿದ ಮೇಲೆ ಎರಡೂ ಬದಿಯ ವಾಷರ್ ಹೊಸದೇ ಹಾಕಬೇಕು. ಹಳೆಯದು ಒಮ್ಮೆ ಚಪ್ಪಟೆಯಾಗಿರುತ್ತದೆ, ಎರಡನೆಯ ಸಲ ಸೀಲ್ ಆಗುತ್ತದೆಂಬ ಭರವಸೆ ಇಲ್ಲ. ಗಾಳಿಯನ್ನೂ ತೆಗೆಯಬೇಕು. ಉದ್ದದ ಹೋಸ್ ಹಾಕಿಸುವುದಾದರೆ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಬ್ರೇಕ್ ಆಯಿಲ್ಲನ್ನೇ ಹಾಕಿ. ಡಾಟ್ 4 ಎಂದಿರುವಲ್ಲಿ ಸಿಲಿಕೋನಿನ ಡಾಟ್ 5 ಬೆರೆಸಬಾರದು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ. ಎಬಿಎಸ್ ಘಟಕದೊಳಕ್ಕೆ ಗಾಳಿ ಹೊಕ್ಕರೆ ಕೆಲವು ಬೈಕುಗಳಲ್ಲಿ ಸರ್ವಿಸ್ ಸೆಂಟರಿನ ಕಂಪ್ಯೂಟರ್ ಇಲ್ಲದೆ ತೆಗೆಯಲು ಬರುವುದಿಲ್ಲ. ಈ ಕೆಲಸ ಮನೆಯಲ್ಲಿ ಶುರುಮಾಡುವ ಮುನ್ನ ಯೋಚಿಸಿ.

ರೈಡ್-ಬೈ-ವೈರ್ ಬೈಕುಗಳಲ್ಲಿ ಎಕ್ಸಲರೇಟರ್ ಕೇಬಲ್ಲೇ ಇಲ್ಲ ಎಂದು ನಿರಾಳವಾಗುವವರಿದ್ದಾರೆ. ಅಲ್ಲಿ ಎಳೆತ ಬೀಳುವುದು ವೈರಿಗೆ. ವೈರ್ ಕೇಬಲ್ಲಿನ ಹಾಗೆ ತಕ್ಷಣ ಸೂಚನೆ ಕೊಡುವುದಿಲ್ಲ. ಪ್ರತಿ ತಿರುವಿನಲ್ಲೂ ಎಳೆದು ಎಳೆದು ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗಿ, ಒಂದು ದಿನ ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ಆಫ್ ಆಗುತ್ತದೆ, ನೇರ ಮಾಡಿದರೆ ಮತ್ತೆ ಸರಿ. ಇಂಥ ಬಿಟ್ಟು ಬಿಟ್ಟು ಬರುವ ತೊಂದರೆ ಹುಡುಕುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಹಾರ್ನೆಸ್ಸನ್ನು ಎರಡೂ ತುದಿಯಲ್ಲಿ ಬೆರಳಿನಿಂದ ಅಲ್ಲಾಡಿಸಿ ನೋಡಿ, ಸಲೀಸಾಗಿ ಆಡಬೇಕು.

ಕೊನೆಯದಾಗಿ ಜಾಗ. ಹ್ಯಾಂಡಲ್ ಹಿಂದಕ್ಕೆ ಬಂದಿರುವುದರಿಂದ ಪೂರ್ತಿ ತಿರುಗಿಸಿದಾಗ ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳಬಾರದು. ಗ್ಲೌಸ್ ಹಾಕಿಕೊಂಡೇ ಪರೀಕ್ಷಿಸಿ. ಹ್ಯಾಂಡ್‌ಗಾರ್ಡ್ ವಿಂಡ್‌ಸ್ಕ್ರೀನಿಗೆ, ಬ್ರೇಕ್ ಡಬ್ಬಿ ಫೇರಿಂಗಿಗೆ ತಾಗುವುದು ಬೇರೆ ಬೇರೆ ಮಾಡೆಲ್‌ಗಳಲ್ಲಿ ಕಂಡುಬರುವ ತೊಂದರೆ. ಕನ್ನಡಿಗಳನ್ನೂ ಮತ್ತೆ ಹೊಂದಿಸಬೇಕು.

ಓಡಿಸಿದಾಗ ಗೊತ್ತಾಗುವುದು

ಅಂಗೈ ಹಗುರಾಗುವುದು ಮೊದಲ ಗಂಟೆಯಲ್ಲೇ ತಿಳಿಯುತ್ತದೆ. ಬದಲಿಗೆ ತೆತ್ತದ್ದು ಏನೆಂದು ತಿಳಿಯಲು ಒಂದು ಇಡೀ ದಿನದ ಓಡಾಟ ಬೇಕು. ಬೆನ್ನು ನೆಟ್ಟಗಾದಷ್ಟೂ ಭಾರ ಬೆನ್ನುಮೂಳೆಯ ಬುಡಕ್ಕೆ ಇಳಿಯುತ್ತದೆ, ಗುಂಡಿಯ ಏಟು ಸೀದಾ ಬೆನ್ನಿಗೆ ಹೋಗುತ್ತದೆ. ತುಸು ಮುಂದಕ್ಕೆ ಬಾಗಿದ ಭಂಗಿಯಲ್ಲಿ ಹೊಟ್ಟೆ, ಸೊಂಟದ ಸ್ನಾಯುಗಳು ಆ ಏಟಿನ ಒಂದು ಪಾಲು ಹೊರುತ್ತವೆ. ಎದೆಗೆ ಗಾಳಿ ಹೆಚ್ಚು ಬಡಿಯುತ್ತದೆ. ಹೆದ್ದಾರಿ ವೇಗದಲ್ಲಿ ಗಾಳಿಗೆ ಎದುರಾಗಿ ಹ್ಯಾಂಡಲ್ ಎಳೆದು ಹಿಡಿಯಬೇಕಾದರೆ ಕೈ ನೋವು ಬೇರೆ ದಾರಿಯಿಂದ ವಾಪಸು ಬರುತ್ತದೆ, ಬೈಕಿನ ಮುಂಭಾಗವೂ ಹಗುರಾಗಿ ತೂಗಾಡಿದಂತಾಗುತ್ತದೆ. ತಲೆ ಮೇಲೆದ್ದಿರುವುದರಿಂದ ವಿಂಡ್‌ಸ್ಕ್ರೀನ್ ಮೇಲಿನಿಂದ ಬರುವ ಗಾಳಿಸುಳಿ ಹೆಲ್ಮೆಟ್ಟಿನ ಬೇರೆ ಜಾಗಕ್ಕೆ ಬಡಿದು ಸದ್ದು ಹೆಚ್ಚಾಗುವುದೂ ಉಂಟು. ಹೆಗಲಿಗಿಂತ ಎತ್ತರಕ್ಕೆ ಕೈ ಹೋಗುವ ಹ್ಯಾಂಡಲ್ ಆದರೆ ತೋಳು ಸೋಲುವುದು ಬೇಗ. 20–30 ಮಿ.ಮೀ.ನಲ್ಲಿ ಇವೆಲ್ಲ ಇದ್ದೂ ಇಲ್ಲದಂತಿರುತ್ತವೆ, 50ರಲ್ಲಿ ಎದ್ದು ಕಾಣುತ್ತವೆ. ನಮ್ಮ ಶಿಫಾರಸು ಅಲ್ಲಿಗೇ ನಿಲ್ಲಲು ಕೇಬಲ್ ನಂತರ ಎರಡನೆಯ ಕಾರಣ ಇದೇ.

ಮೊದಲ ಓಡಾಟ ಖಾಲಿ ಜಾಗದಲ್ಲಿ, ನಿಧಾನಕ್ಕೆ, ಎಂಟರ ಆಕಾರದಲ್ಲಿ ಇರಲಿ. ಆಮೇಲೆ ನಾಲ್ಕಾರು ಸಲ ಗಟ್ಟಿಯಾಗಿ ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಮೇಲಿನ ಟೇಪ್ ಗೆರೆ ಸರಿದಿದೆಯೇ ನೋಡಿ. 100–200 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟ್‌ಗಳಿಗೂ ಮತ್ತೆ ಟಾರ್ಕ್ ವ್ರೆಂಚ್ ಇಡಬೇಕು. ಹೊಸ ಮೇಲ್ಮೈಗಳು ಕೂತು ಬಿಗಿ ಸ್ವಲ್ಪ ಇಳಿಯುವುದು ಸಹಜ. ಥ್ರೆಡ್‌ಲಾಕರ್ ಹಚ್ಚಿದವನ್ನು ಮಾತ್ರ ಸುಮ್ಮನೆ ತಿರುಗಿಸಬೇಡಿ, ಅಂಟು ಒಡೆಯುತ್ತದೆ. ಅವುಗಳ ತಲೆಗೂ ರೈಸರಿಗೂ ಸೇರಿಸಿ ಮೊದಲೇ ಬಣ್ಣದ ಗೆರೆ ಎಳೆದಿಟ್ಟರೆ ಸರಿದದ್ದು ಕಣ್ಣಿಗೇ ತಿಳಿಯುತ್ತದೆ. ಹ್ಯಾಂಡಲ್ ಅಡಿ ಮುಚ್ಚಿಹೋಗುವ ಬೋಲ್ಟ್‌ಗಳ ಗೆರೆಯನ್ನು ಹ್ಯಾಂಡಲ್ ಬಿಚ್ಚುವ ಸರ್ವಿಸ್‌ನಲ್ಲಿ ನೋಡಿಕೊಳ್ಳಿ. ಬೈಕ್ ಬಿದ್ದರೆ, ನಿಂತಲ್ಲೇ ಬಿದ್ದರೂ ಸರಿ, ರೈಸರ್ ಬಿಚ್ಚಿ ಬೋಲ್ಟ್ ನೇರ ಇದೆಯೇ ಎಂದು ಗಾಜಿನ ಮೇಲೆ ಉರುಳಿಸಿ ನೋಡಿ. ಬಾಗಿದ ಬೋಲ್ಟನ್ನು ಸರಿಮಾಡಿ ಮತ್ತೆ ಹಾಕುವ ಮಾತೇ ಇಲ್ಲ.

ಬೈಕಿನ ಜತೆ ಬಂದ ಹಳೆಯ ಬೋಲ್ಟ್‌ಗಳನ್ನು ಒಂದು ಚೀಲದಲ್ಲಿ ಹಾಕಿ, ಮೇಲೆ ಬರೆದು ಇಟ್ಟುಕೊಳ್ಳಿ. ಮುಂದೆ ಎಂದಾದರೂ ರೈಸರ್ ತೆಗೆದು ಹ್ಯಾಂಡಲನ್ನು ಹಳೆಯ ಜಾಗದಲ್ಲಿ ಕೂರಿಸುವಾಗ ಉದ್ದದ ಬೋಲ್ಟ್‌ಗಳು ಅಲ್ಲಿಗೆ ಹೊಂದುವುದಿಲ್ಲ, ತಳ ಮುಟ್ಟಿ ನಿಲ್ಲುತ್ತವೆ.